ಮದ್ದು ಬಿಟ್ಟವರು, ಮದ್ದಿನಡಿ ಬದುಕಿದವರು

ನಮ್ಮ ಕಡೆ ಅಡಿಕೆ ಮರಕ್ಕೆ ಬೋರ್ಡೋ ಸಿಂಪಡಿಸುವುದನ್ನು ‘ಮದ್ದು ಬಿಡುವುದು’ ಎನ್ನುತ್ತಾರೆ. ಜ್ವರ ಬಂದಾಗ ಕುಡಿಯುವುದೂ ಮದ್ದೇ, ಕೊಳೆರೋಗಕ್ಕೆ ಹೊಡೆಯುವುದೂ ಮದ್ದೇ. ಮೈಲುತುತ್ತು, ಸುಣ್ಣ, ನೀರು ಇಷ್ಟನ್ನು ಸೇರಿಸಿ ಮಾಡುವ ಈ ದ್ರಾವಣವೂ ಒಂದು ಕಾಲಕ್ಕೆ ಹೊಸ ವಸ್ತುವೇ ಆಗಿತ್ತು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅದು ಕೊಳೆರೋಗಕ್ಕೆ ಆಗುತ್ತದೆ ಎಂದು ತೋರಿಸಿಕೊಟ್ಟ ಮೇಲೆ ತೋಟದಿಂದ ತೋಟಕ್ಕೆ ಹರಡಿತು. ಹಾಗೆ ಹರಡುವಾಗ ಒಂದು ಅನುಕೂಲವಿತ್ತು. ಮದ್ದು ಕಲಸುವವನೂ ಅದರಡಿ ಬದುಕುವವನೂ ಒಬ್ಬನೇ. ಎಲೆ ಸುಟ್ಟರೆ, ದನಕ್ಕೆ ಏನಾದರೂ ಆದರೆ ಮರುವರ್ಷ ಸುಣ್ಣ ಹೆಚ್ಚು ಹಾಕಿ ನೋಡಬಹುದು, ಇಲ್ಲವೇ ಬಿಟ್ಟೇಬಿಡಬಹುದು. ಪರೀಕ್ಷೆ ಮಾಡುವವನಿಗೇ ಫಲಿತಾಂಶವೂ ಗೊತ್ತಾಗುತ್ತಿತ್ತು.

ಈ ಇಬ್ಬರೂ ಬೇರೆ ಬೇರೆಯಾದಾಗ ಏನಾಗುತ್ತದೆ? ಹೊಸ ವಸ್ತುವೊಂದನ್ನು ತಯಾರಿಸುವವರು ಒಂದೆಡೆ, ಅದಕ್ಕೆ ಪರವಾನಗಿ ಕೊಡುವವರು ಇನ್ನೊಂದೆಡೆ, ಅದು ಬೀಳುವುದು ಮೂರನೆಯವರ ಬಾವಿಗೆ ಎಂದಾದರೆ ಅಪಾಯವನ್ನು ಅಳೆಯಬೇಕಾದವರು ಯಾರು? ಈ ಪ್ರಶ್ನೆಯನ್ನು ಈಗ ಜಗತ್ತಿನ ವಿಜ್ಞಾನ ಸಂಸ್ಥೆಗಳು ಗಂಭೀರವಾಗಿ ಎತ್ತಿಕೊಂಡಿವೆ. ಸಂಬಂಧಪಟ್ಟ ಎಲ್ಲರನ್ನೂ, ಎಂದರೆ ರೈತ, ಕಾರ್ಮಿಕ, ನೆರೆಮನೆಯವ, ವೈದ್ಯ ಇವರನ್ನೆಲ್ಲ ಮೊದಲೇ ಕೂರಿಸಿಕೊಂಡು ಕೇಳಬೇಕು ಎಂಬುದು ಈಚಿನ ಮಾತು. ನಮಗೆ ಇದಕ್ಕೆ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. 1956ರ ನವೆಂಬರ್ 1ರವರೆಗೆ ಉಡುಪಿ, ಕಾರ್ಕಳಗಳ ಜೊತೆ ಒಂದೇ ಜಿಲ್ಲೆಯಲ್ಲಿದ್ದ ಕಾಸರಗೋಡಿನ ಕನ್ನಡ ಊರೊಂದು ಇದಕ್ಕೆ ತಕ್ಕ ಬೆಲೆ ಕೊಟ್ಟಿದೆ.

ಗೇರು ಗುಡ್ಡದ ಮೇಲೆ

ಗೇರುಮರ ಪೋರ್ಚುಗೀಸರೊಡನೆ 16ನೆಯ ಶತಮಾನದಲ್ಲಿ ನಮ್ಮ ಕರಾವಳಿಗೆ ಬಂತು. ಮುರಕಲ್ಲಿನ ಪದವಿನಲ್ಲಿ ಬೇರೇನೂ ಬೆಳೆಯದ ಕಡೆಯೂ ಅದು ಬದುಕುತ್ತದೆ. ಕಾರ್ಕಳ, ಕುಂದಾಪುರ ಕಡೆಯ ಗೇರುಬೀಜದ ಕಾರ್ಖಾನೆಗಳು ಎಷ್ಟು ಮನೆಗಳ ಒಲೆ ಉರಿಸಿವೆ ಎಂಬುದು ಓದುಗರಿಗೆ ಗೊತ್ತಿರುವುದೇ. ಬೀಜಕ್ಕೆ ಹೊರದೇಶದಲ್ಲಿ ಬೆಲೆ ಬಂದ ಮೇಲೆ ಸರಕಾರಗಳೇ ತೋಟ ಹಾಕಲು ಹೊರಟವು. 1962ರಲ್ಲಿ ಸ್ಥಾಪನೆಯಾದ ಕೇರಳದ ಪ್ಲಾಂಟೇಶನ್ ಕಾರ್ಪೊರೇಶನ್ ಕಾಸರಗೋಡಿನ ಗುಡ್ಡಗಳಲ್ಲಿ ಸಾವಿರಾರು ಹೆಕ್ಟೇರ್ ಗೇರು ಬೆಳೆಸಿತು. ಚಿಗುರು, ಹೂವುಗಳ ರಸ ಹೀರಿ ಕರಟಿಸುವ ಟೀ ಸೊಳ್ಳೆ ಈ ಬೆಳೆಯ ದೊಡ್ಡ ಶತ್ರು. ಅದನ್ನು ಕೊಲ್ಲಲು ಆರಿಸಿಕೊಂಡ ಮದ್ದು ಎಂಡೋಸಲ್ಫಾನ್.

ಇದು 1950ರ ದಶಕದಲ್ಲಿ ಮಾರುಕಟ್ಟೆಗೆ ಬಂದ ಕ್ಲೋರಿನ್ ಜಾತಿಯ ಕೀಟನಾಶಕ. ಜರ್ಮನಿಯ ಹೋಕ್ಸ್ಟ್ ಕಂಪೆನಿಯ ಕೂಸು. ಡಿಡಿಟಿಯ ಬಳಗದ್ದೇ ಆದರೂ ಅದಕ್ಕಿಂತ ಬೇಗ ಕರಗುತ್ತದೆ, ಆದ್ದರಿಂದ ಅಷ್ಟು ಕೆಟ್ಟದ್ದಲ್ಲ ಎಂಬ ಹೆಸರಿತ್ತು. 1962ರಲ್ಲಿ ಅಮೆರಿಕದ ರೇಚಲ್ ಕಾರ್ಸನ್ ಡಿಡಿಟಿಯ ವಿರುದ್ಧ ಪುಸ್ತಕ ಬರೆದು ಜಗತ್ತನ್ನು ಎಚ್ಚರಿಸಿದ ಮೇಲೂ ಎಂಡೋಸಲ್ಫಾನಿನ ಮೇಲೆ ಯಾರ ಕಣ್ಣೂ ಬೀಳದೆ ಹೋಗಲು ಈ ಹೆಸರು ಸಹಾಯ ಮಾಡಿತು. ಮುಂದೆ ಭಾರತವೇ ಇದನ್ನು ಜಗತ್ತಿನಲ್ಲಿ ಅತಿ ಹೆಚ್ಚು ತಯಾರಿಸುವ, ಬಳಸುವ ದೇಶವಾಯಿತು. ಕೇಂದ್ರ ಸರಕಾರದ್ದೇ ಆದ ಹಿಂದುಸ್ತಾನ್ ಇನ್‌ಸೆಕ್ಟಿಸೈಡ್ಸ್ ಕೂಡ ತಯಾರಕರಲ್ಲೊಂದು.

ಕಾಸರಗೋಡಿನಲ್ಲಿ 1970ರ ದಶಕದ ನಡುವಿನಿಂದ 2000ದವರೆಗೆ ವರ್ಷಕ್ಕೆ ಎರಡು ಮೂರು ಬಾರಿ ಹೆಲಿಕಾಪ್ಟರಿನಿಂದ ಇದನ್ನು ಸುರಿಯಲಾಯಿತು. ಈ ಲೇಖಕ ಹುಟ್ಟುವ ಮೊದಲಿನ ಮಾತು. ಆದರೆ ಕಾಸರಗೋಡಿನ ಹಳಬರನ್ನು ಕೇಳಿದರೆ, ಹೆಲಿಕಾಪ್ಟರ್ ನೋಡಲು ಮಕ್ಕಳು ಅಂಗಳಕ್ಕೆ ಓಡಿ ಬರುತ್ತಿದ್ದುದನ್ನೇ ಮೊದಲು ಹೇಳುತ್ತಾರೆ.

ನಿಯಮ ಇರಲಿಲ್ಲವೆಂದಲ್ಲ. 1968ರ ಕೀಟನಾಶಕ ಕಾಯಿದೆಯ ಕೆಳಗೆ 1971ರಲ್ಲಿ ಮಾಡಿದ ನಿಯಮಾವಳಿಯಲ್ಲಿ ವೈಮಾನಿಕ ಸಿಂಪಡಣೆಗೆಂದೇ ಒಂದು ನಿಯಮವಿದೆ. ಮದ್ದು ಬೀಳುವ ಜಾಗವನ್ನು ಗುರುತು ಮಾಡಬೇಕು. ಕನಿಷ್ಠ 24 ಗಂಟೆ ಮೊದಲು ಜನರಿಗೆ ತಿಳಿಸಬೇಕು. ಕೆಲಸಕ್ಕೆ ಸಂಬಂಧವಿಲ್ಲದ ಜನ, ಜಾನುವಾರು ನಿಗದಿತ ಅವಧಿಯವರೆಗೆ ಆ ಜಾಗಕ್ಕೆ ಬಾರದಂತೆ ತಡೆಯಬೇಕು. ಓದಲು ಚೆನ್ನಾಗಿದೆ. ಇದನ್ನು ಬರೆದವರ ಕಣ್ಣ ಮುಂದೆ ಇದ್ದದ್ದು ಬಹುಶಃ ಪಂಜಾಬಿನಂಥ ಸಮತಟ್ಟಾದ ಹೊಲ, ದೂರದಲ್ಲೊಂದು ಊರು.

ನಮ್ಮ ನೆಲ ಹಾಗಿದೆಯೇ? ಗುಡ್ಡದ ತಲೆಯಲ್ಲಿ ತೋಟ, ಬುಡದಲ್ಲಿ ಮನೆ, ಅದರ ಕೆಳಗೆ ಅಡಿಕೆ, ಇನ್ನೂ ಕೆಳಗೆ ಬೈಲು. ಊರೆಂದರೆ ಒಂದು ಗುಂಪಲ್ಲ, ಕೂಗಳತೆಯ ಒಂಟಿ ಮನೆಗಳು. ಗಾಳಿ ಹಗಲೊಂದು ದಿಕ್ಕು, ಸಂಜೆಯೊಂದು ದಿಕ್ಕು. ಕುಡಿಯುವ ನೀರು ಬಾವಿಯದ್ದಾದರೆ ಗೋಣಿಯನ್ನೋ ಸೋಗೆಯನ್ನೋ ಮುಚ್ಚಿಯಾರು. ಆದರೆ ಕಾಸರಗೋಡಿನ ಗಡಿಭಾಗದಲ್ಲಿ ಬಹಳ ಮನೆಗಳಿಗೆ ನೀರು ಬರುವುದು ಗುಡ್ಡದ ಹೊಟ್ಟೆಯೊಳಗೆ ಅಡ್ಡಲಾಗಿ ಕೊರೆದ ಸುರಂಗದಿಂದ, ಇಲ್ಲವೇ ತೋಡಿನಿಂದ. ತೋಡಿಗೆ ಮುಚ್ಚಳ ಎಲ್ಲಿಂದ ತರುವುದು? ಬೆಳೆಯ ತಲೆಯಿಂದ ಕೆಲವೇ ಮೀಟರ್ ಎತ್ತರದಲ್ಲಿ ಹಾರಬೇಕೆಂಬ ಸೂಚನೆಯನ್ನು ಏರು ತಗ್ಗಿನ ಗುಡ್ಡಗಳ ನಡುವೆ ಪಾಲಿಸುವುದೂ ಹಾಗೆಯೇ. ಊರವರಲ್ಲಿ ಒಬ್ಬರನ್ನು ಕರೆದು ನಕಾಶೆ ತೋರಿಸಿದ್ದರೆ ಅರ್ಧ ಗಂಟೆಯಲ್ಲಿ ಇಷ್ಟನ್ನೂ ಹೇಳುತ್ತಿದ್ದರು. ಕರೆಯುವ ಪದ್ಧತಿಯೇ ಇರಲಿಲ್ಲ. ನಿಗಮದ ಕಚೇರಿ ಕೊಟ್ಟಾಯಂನಲ್ಲಿ, ಕೀಟನಾಶಕಗಳ ನೋಂದಣಿ ಸಮಿತಿ ದಿಲ್ಲಿಯ ಹತ್ತಿರದ ಫರೀದಾಬಾದಿನಲ್ಲಿ, ಮದ್ದು ಬೀಳುತ್ತಿದ್ದ ಮನೆಗಳ ಮಾತು ಕನ್ನಡ, ತುಳು.

ಪಡ್ರೆಯ ಲೆಕ್ಕ

ಎಣ್ಮಕಜೆ ಪಂಚಾಯತಿನ ಪಡ್ರೆ ಗ್ರಾಮದಲ್ಲಿ ಮೊದಲು ಮಾತಾಡಿದ್ದು ಹಟ್ಟಿ. 1979ರ ಸುಮಾರಿಗೆ ಕಾಲು ಸೊಟ್ಟಗಿರುವ ಕರುಗಳು ಹುಟ್ಟಿದವು. ಜೇನುನೊಣಗಳು ಕಡಿಮೆಯಾದವು. ಅದೇ ಊರಿನ ಕೃಷಿಕ, ಪತ್ರಕರ್ತ ಶ್ರೀಪಡ್ರೆ 1981ರಲ್ಲಿ ಒಂದು ಇಂಗ್ಲಿಷ್ ವಾರಪತ್ರಿಕೆಯಲ್ಲಿ ಇದನ್ನು ಬರೆದು, ಗೇರಿಗಿಂತ ಜೀವ ಅಗ್ಗವೇ ಎಂದು ಕೇಳಿದರು. ಮುಂದೆ ‘ಅಡಿಕೆ ಪತ್ರಿಕೆ’ಯ ಮೂಲಕ, ನೀರಿಂಗಿಸುವ ಕೆಲಸದ ಮೂಲಕ ನಾಡಿಗೆಲ್ಲ ಪರಿಚಿತರಾದ ಶ್ರೀಪಡ್ರೆ ಇವರೇ. ಲೇಖನ ಪ್ರಕಟವಾದ ಮೇಲೂ ಹೆಲಿಕಾಪ್ಟರ್ ಬರುವುದು ಸುಮಾರು 20 ವರ್ಷ ನಿಲ್ಲಲಿಲ್ಲ.

1982ರಲ್ಲಿ ಪಡ್ರೆಯ ವಾಣೀನಗರದಲ್ಲಿ ಡಾ. ವೈ.ಎಸ್. ಮೋಹನಕುಮಾರ್ ದವಾಖಾನೆ ತೆರೆದರು. ಹಳ್ಳಿಯ ವೈದ್ಯರೆಂದರೆ ಮನೆಮನೆಯ ಮೂರು ತಲೆಮಾರಿನ ಕಾಯಿಲೆ ಗೊತ್ತಿರುವವರು. ಅಪಸ್ಮಾರ, ಬುದ್ಧಿಮಾಂದ್ಯ, ಹುಟ್ಟಿನಿಂದ ಬಂದ ಅಂಗವೈಕಲ್ಯ, ಕ್ಯಾನ್ಸರ್ ಇವು ಅಷ್ಟು ಚಿಕ್ಕ ಊರಿಗೆ ಅತಿಯಾಯಿತು ಎಂದು ಅವರಿಗೆ ಕಾಣತೊಡಗಿತು. ಮೊದಲು ಅವರಿಗೆ ಸಂಶಯ ಬಂದದ್ದು ನೀರಿನ ಮೇಲೆ, ಯಾಕೆಂದರೆ ಅಂಥ ಮನೆಗಳು ಹೆಚ್ಚಾಗಿ ಕೊಡೆಂಕೀರಿ ತೋಡಿನ ಬದಿಯಲ್ಲಿದ್ದವು. ಆ ತೋಡು ಇಳಿದು ಬರುವುದು ಗೇರು ಗುಡ್ಡದಿಂದ. 1990ರ ದಶಕದಲ್ಲಿ ಅವರು ವೈದ್ಯಕೀಯ ಪತ್ರಿಕೆಗೆ ಬರೆದರು, ಪತ್ರಕರ್ತರನ್ನು ಮನೆಮನೆಗೆ ಕರೆದೊಯ್ದರು. ಊರವರು ಸೇರಿ ಸಿಂಪಡಣೆ ವಿರೋಧಿ ಕ್ರಿಯಾ ಸಮಿತಿ ಕಟ್ಟಿದರು. ಕಾಸರಗೋಡಿನ ದಕ್ಷಿಣ ಭಾಗದ ಪೆರಿಯದಲ್ಲಿ ಕೃಷಿ ಇಲಾಖೆಯ ನೌಕರಳಾಗಿದ್ದ ಲೀಲಾಕುಮಾರಿ ಅಮ್ಮ 1998ರಲ್ಲಿ ಹೊಸದುರ್ಗದ ಮುನ್ಸಿಫ್ ಕೋರ್ಟಿಗೆ ಹೋದರು. ಕೃಷಿ ಇಲಾಖೆಯವರೇ ಕೀಟನಾಶಕದ ವಿರುದ್ಧ ದಾವೆ ಹೂಡಿದ್ದು ಸಣ್ಣ ಮಾತಲ್ಲ. ನ್ಯಾಯಾಲಯ ಅವರ ಮಾತು ಕೇಳಿತು.

ಇಲ್ಲಿಂದ ಮುಂದೆ ಸಮಿತಿಗಳ ಕಾಲ. 2001ರಲ್ಲಿ ದಿಲ್ಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಪಡ್ರೆಯ ನೀರು, ಮಣ್ಣು, ಜನರ ರಕ್ತ, ತಾಯಿಹಾಲಿನಲ್ಲಿ ಎಂಡೋಸಲ್ಫಾನ್ ಇದೆ ಎಂದಿತು. ಅದೇ ವರ್ಷ ತೋಟದ ನಿಗಮವು ತಮಿಳುನಾಡಿನ ಒಂದು ಪ್ರಯೋಗಾಲಯದಿಂದ ಮಾಡಿಸಿದ ಪರೀಕ್ಷೆ ಹಾಗೇನೂ ಇಲ್ಲವೆಂದಿತು. ಕೇರಳ ಸರಕಾರದ ಅಚ್ಯುತನ್ ಸಮಿತಿ ವೈಮಾನಿಕ ಸಿಂಪಡಣೆ ಕೂಡದೆಂದಿತು. ಕೇಂದ್ರ ನೇಮಿಸಿದ ದುಬೆ ಸಮಿತಿ, ಆಮೇಲಿನ ಮಾಯಿ ಸಮಿತಿ ಮದ್ದಿಗೂ ಕಾಯಿಲೆಗೂ ನಂಟು ಸಾಬೀತಾಗಿಲ್ಲ ಎಂದವು. ಒಂದೇ ಊರು, ಒಂದೇ ತೋಡು, ಇಷ್ಟು ಉತ್ತರ!

ಈ ಪೈಕಿ ಹೆಚ್ಚು ಭಾರವಾಗಿ ನಿಂತದ್ದು ಅಹ್ಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಅಧ್ಯಯನ. ಮಾನವ ಹಕ್ಕುಗಳ ಆಯೋಗ ಈ ವಿಷಯ ಕೈಗೆತ್ತಿಕೊಂಡ ನಂತರ ನಡೆದದ್ದು. ಅದರ ಕ್ರಮ ಸರಳ. ವಾಣೀನಗರದ ಶಾಲಾಮಕ್ಕಳನ್ನು ಪರೀಕ್ಷಿಸುವುದು, ಸಿಂಪಡಣೆಯಿಲ್ಲದ ಮೀಂಜ ಪಂಚಾಯತಿನ ಮಕ್ಕಳೊಡನೆ ಹೋಲಿಸುವುದು. ಪಡ್ರೆಯ 117 ಹಾಗೂ ಮೀಂಜದ 90 ಗಂಡುಮಕ್ಕಳ ಹೋಲಿಕೆ 2003ರಲ್ಲಿ ಅಂತಾರಾಷ್ಟ್ರೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಮದ್ದಿನಡಿ ಬೆಳೆದ ಹುಡುಗರಲ್ಲಿ ಪ್ರಾಯಕ್ಕೆ ಬರುವ ಲಕ್ಷಣಗಳು ತಡವಾಗಿದ್ದವು. ಯಾವ ಶಾಲೆ, ಯಾವ ತೋಡು, ಯಾವ ಮನೆಗಳು ಎಂದು ವರ್ಷಗಳ ಕಾಲ ಗುರುತು ಹಾಕಿಟ್ಟಿದ್ದ ಊರವರು ಮತ್ತು ಊರ ವೈದ್ಯರು ಇಲ್ಲದಿದ್ದರೆ ಅಹ್ಮದಾಬಾದಿನವರಿಗೆ ವಾಣೀನಗರ ಎಲ್ಲಿದೆ ಎಂದೇ ಗೊತ್ತಾಗುತ್ತಿರಲಿಲ್ಲ.

ಇಷ್ಟಾಗಿಯೂ ಎಲ್ಲ ಕಾಯಿಲೆಗೂ ಎಂಡೋಸಲ್ಫಾನೇ ಕಾರಣವೇ ಎಂಬುದನ್ನು ಕೆಲವು ವಿಜ್ಞಾನಿಗಳು ಒಪ್ಪಿಲ್ಲ. ಕೇರಳ ಕೃಷಿ ವಿಶ್ವವಿದ್ಯಾಲಯದ ಒಳಗಿನಿಂದಲೇ ಆಕ್ಷೇಪಗಳು ಬಂದಿವೆ. ಅವರ ವಾದವನ್ನು ತಳ್ಳಿಹಾಕುವ ಅಗತ್ಯವಿಲ್ಲ. ಆದರೆ ಈ ಜಗಳ ಮುಗಿಯದಿರುವುದಕ್ಕೆ ಕಾರಣ ನೋಡಿ. ಹೆಲಿಕಾಪ್ಟರ್ ಮೊದಲ ಬಾರಿ ಹಾರುವ ಹಿಂದಿನ ವರ್ಷ ಪಡ್ರೆಯಲ್ಲಿ ಎಷ್ಟು ಮಕ್ಕಳಿಗೆ ಅಪಸ್ಮಾರವಿತ್ತು, ಎಷ್ಟು ಕರು ಹುಟ್ಟಿದವು, ಎಷ್ಟು ಜೇನುಗೂಡಿತ್ತು ಎಂಬ ಲೆಕ್ಕವನ್ನು ಯಾರೂ ಬರೆದಿಟ್ಟಿರಲಿಲ್ಲ. ಬರೆದಿಡಬಲ್ಲವರು ಊರವರು ಮಾತ್ರ, ಅವರನ್ನು ಯಾರೂ ಕೇಳಿರಲಿಲ್ಲ. 25 ವರ್ಷ ಸುರಿದ ಮೇಲೆ ರಕ್ತ ಪರೀಕ್ಷೆ ಮಾಡಿ ‘ನಂಟು ಸಾಬೀತಾಗಿಲ್ಲ’ ಎನ್ನುವುದು ಸುಲಭ. ಮೊದಲೇ ಅಳೆಯದವರಿಗೆ ಆಮೇಲೆ ಆ ಮಾತಿನ ಲಾಭ ಸಿಗುವುದು ನ್ಯಾಯವೇ?

ಕರ್ನಾಟಕದಲ್ಲೂ ಗೇರು ಅಭಿವೃದ್ಧಿ ನಿಗಮದ ತೋಟಗಳ ಮೇಲೆ ಇದೇ ಮದ್ದು ಬಿತ್ತು. ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆ ಊರುಗಳ ಹೆಸರು ಈ ಕಾರಣಕ್ಕೇ ರಾಜ್ಯಕ್ಕೆ ಪರಿಚಯವಾಯಿತು. ಉಡುಪಿ ಜಿಲ್ಲೆಯಲ್ಲೂ ಸಂತ್ರಸ್ತರ ಪಟ್ಟಿಯಿದೆ, ಅವರಿಗೆ ಮಾಸಾಶನ ಬರುತ್ತದೆ. ಕರ್ನಾಟಕ ಸರಕಾರ 2011ರ ಫೆಬ್ರವರಿಯಲ್ಲಿ ನಿಷೇಧ ಹೇರಿತು. ಏಪ್ರಿಲಿನಲ್ಲಿ ಜಿನೀವಾದಲ್ಲಿ ಸ್ಟಾಕ್‌ಹೋಂ ಒಪ್ಪಂದದ ದೇಶಗಳು ಇದನ್ನು ನಿರ್ಮೂಲನದ ಪಟ್ಟಿಗೆ ಸೇರಿಸಿದವು. ಮೇ 13ರಂದು ಸುಪ್ರೀಂ ಕೋರ್ಟ್ ದೇಶಾದ್ಯಂತ ತಡೆ ಕೊಟ್ಟಿತು. 2017ರ ಜನವರಿಯಲ್ಲಿ ಅದೇ ಕೋರ್ಟ್ ಪ್ರತಿ ಸಂತ್ರಸ್ತರಿಗೆ 5 ಲಕ್ಷ ರೂಪಾಯಿ ಕೊಡುವಂತೆ ಕೇರಳಕ್ಕೆ ಆದೇಶಿಸಿತು. ಅಲ್ಲಿನ ಪಟ್ಟಿಯಲ್ಲಿ 6,000ಕ್ಕೂ ಹೆಚ್ಚು ಹೆಸರುಗಳಿವೆ.

ಅಹವಾಲು ಎಂಬ ವ್ಯವಸ್ಥೆ

ಜನರನ್ನು ಕೇಳಬೇಕೆಂಬ ಕಾನೂನು ನಮ್ಮಲ್ಲಿ ಇಲ್ಲವೇ? ಇದೆ. ಭೋಪಾಲದಲ್ಲಿ 1984ರ ಡಿಸೆಂಬರಿನಲ್ಲಿ ಅನಿಲ ಸೋರಿದ ಮೇಲೆ 1986ರ ಪರಿಸರ ಸಂರಕ್ಷಣಾ ಕಾಯಿದೆ ಬಂತು. 1994ರಲ್ಲಿ ದೊಡ್ಡ ಯೋಜನೆಗಳಿಗೆ ಪರಿಸರ ಪರಿಣಾಮದ ಅಂದಾಜು ಕಡ್ಡಾಯವಾಯಿತು. 1997ರ ಏಪ್ರಿಲಿನ ತಿದ್ದುಪಡಿ ಸಾರ್ವಜನಿಕ ಅಹವಾಲು ಸಭೆಯನ್ನು ಸೇರಿಸಿತು. 30 ದಿನ ಮೊದಲು ಪತ್ರಿಕೆಯಲ್ಲಿ, ಅದೂ ಒಂದು ಸ್ಥಳೀಯ ಭಾಷೆಯ ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು.

ಇದು ಕಾಪು ಕಡೆಯ ಓದುಗರಿಗೆ ಹೊಸತಲ್ಲ. ನಂದಿಕೂರಿನ ಉಷ್ಣ ವಿದ್ಯುತ್ ಯೋಜನೆಯ ಕಥೆ 1990ರ ದಶಕದ್ದು. ಅಮೆರಿಕದ ಕೊಜೆಂಟ್ರಿಕ್ಸ್ ಕಂಪೆನಿ 1999ರ ಕೊನೆಯಲ್ಲಿ ಕೈಬಿಟ್ಟು ಹೋಯಿತು. ನಂತರ ಬೇರೆಯವರ ಕೈಯಲ್ಲಿ ಎಲ್ಲೂರಿನಲ್ಲಿ ತಲಾ 600 ಮೆಗಾವಾಟಿನ ಎರಡು ಘಟಕಗಳು 2010 ಮತ್ತು 2012ರಲ್ಲಿ ಶುರುವಾದವು. ಕಲ್ಲಿದ್ದಲು ಹೊಸ ವಸ್ತುವಲ್ಲ ನಿಜ. ಆದರೆ ಹಾರುಬೂದಿ, ತಂಪುಗೊಳಿಸಲು ತರುವ ಸಮುದ್ರದ ನೀರು, ಅದರಿಂದ ಗಾಳಿಗೆ ಏಳುವ ಉಪ್ಪಿನ ಹನಿ ಇವು ಎಲ್ಲೂರಿನ ಗದ್ದೆಗೆ ಹೊಸತೇ. ಬಾವಿ ಉಪ್ಪಾಯಿತು, ಮಲ್ಲಿಗೆ ಮೊಗ್ಗು ಕರಟುತ್ತದೆ ಎಂಬ ದೂರು ಕೇಳಿಬಂತು. ನಂದಿಕೂರು ಜನಜಾಗೃತಿ ಸಮಿತಿ ವರ್ಷಾನುಗಟ್ಟಲೆ ನಡೆಸಿದ ಮೊಕದ್ದಮೆಯಲ್ಲಿ ಹಸಿರು ನ್ಯಾಯಮಂಡಳಿ 2022ರಲ್ಲಿ ಕಂಪೆನಿಗೆ ಸುಮಾರು 52 ಕೋಟಿ ರೂಪಾಯಿ ದಂಡ ವಿಧಿಸಿತು.

ಮಲ್ಲಿಗೆಯ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. ಶಂಕರಪುರದಲ್ಲಿ ದಿನದಿನವೂ ಮಲ್ಲಿಗೆಗೆ ದರ ನಿಗದಿಯಾಗುತ್ತದೆ. ಹೂವನ್ನು ಎಣಿಸಿ ಕಟ್ಟುವುದು ಇಲ್ಲಿಯ ಕ್ರಮ: 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಯಾವ ದಿನ ಎಷ್ಟು ಚೆಂಡು ಕೊಟ್ಟೆವು ಎಂಬುದು ಹೂವು ಕಟ್ಟುವ ಹೆಂಗಸರಿಗೆ ಕಂಠಪಾಠ. ಪಡ್ರೆಯಲ್ಲಿ ಇಲ್ಲದೆ ಹೋದ ‘ಮೊದಲಿನ ಲೆಕ್ಕ’ ಇಲ್ಲಿ ದಿನವೂ ತಾನಾಗಿ ನಡೆಯುತ್ತಿದೆ. ಪರಿಣಾಮ ಅಂದಾಜು ಮಾಡುವ ಸಂಸ್ಥೆಗಳು ಗಾಳಿ ಅಳೆಯುವ ಯಂತ್ರ ತರುವಾಗ ಹೂವಿನ ಲೆಕ್ಕವನ್ನೂ ಕೇಳಿ ಬರೆದುಕೊಂಡರೆ ಖರ್ಚು ಏನೂ ಇಲ್ಲ. ಅಹವಾಲು ಸಭೆಯಲ್ಲಿ ಮೈಕ್ ಹಿಡಿದು ಎರಡು ನಿಮಿಷ ಮಾತಾಡಲು ಬಿಡುವುದಕ್ಕೂ, ಅಳತೆಯಲ್ಲೇ ಪಾಲು ಕೊಡುವುದಕ್ಕೂ ವ್ಯತ್ಯಾಸವಿದೆ.

ಇನ್ನೊಂದು ದೊಡ್ಡ ಸಂದು ಇಲ್ಲಿದೆ. ಅಹವಾಲು ಕಾರ್ಖಾನೆಗೆ ಇದೆ, ವಸ್ತುವಿಗೆ ಇಲ್ಲ. ಕೀಟನಾಶಕವೊಂದನ್ನು ದೇಶದಲ್ಲಿ ಮಾರಬಹುದೇ ಎಂದು ತೀರ್ಮಾನಿಸುವುದು ನೋಂದಣಿ ಸಮಿತಿ. 1968ರ ಕಾಯಿದೆಯ ಪ್ರಕಾರ ಅದರಲ್ಲಿ ಒಬ್ಬ ಅಧ್ಯಕ್ಷ ಮತ್ತು ಐವರನ್ನು ಮೀರದ ಸದಸ್ಯರು. ಔಷಧ ನಿಯಂತ್ರಕರು, ಸಸ್ಯ ಸಂರಕ್ಷಣಾ ಸಲಹೆಗಾರರು ಅದರಲ್ಲಿರಲೇಬೇಕು. ಸಿಂಪಡಿಸುವ ಕೂಲಿಯಾಳಿಗಾಗಲೀ ತೋಡಿನ ಬದಿಯ ಮನೆಯವರಿಗಾಗಲೀ ಕುರ್ಚಿಯಿಲ್ಲ.

ವಿದೇಶಗಳಲ್ಲಿ ಎಲ್ಲ ಸರಿಯಿತ್ತೆಂದು ಭಾವಿಸಬೇಡಿ. ನಮ್ಮ ಹಟ್ಟಿ, ಬಚ್ಚಲುಮನೆಗಳ ಮೇಲೆ ಇಂದಿಗೂ ಕಾಣುವ ಸಿಮೆಂಟ್ ಶೀಟಿನೊಳಗಿನ ಕಲ್ನಾರು, ಎಂದರೆ ಆಸ್ಬೆಸ್ಟಾಸ್, ಶ್ವಾಸಕೋಶಕ್ಕೆ ಕೆಟ್ಟದೆಂದು ಬ್ರಿಟನ್ನಿನ ಕಾರ್ಖಾನೆ ತನಿಖಾಧಿಕಾರಿ ಲೂಸಿ ಡೀನ್ 1898ರಲ್ಲೇ ವರದಿ ಮಾಡಿದ್ದರು. ಬ್ರಿಟನ್ನಿನಲ್ಲಿ ಅದು ಪೂರ್ತಿ ನಿಷೇಧವಾದದ್ದು 1999ರಲ್ಲಿ. ಇಂಥ ಹತ್ತಾರು ಪ್ರಕರಣಗಳನ್ನು ಪರಿಶೀಲಿಸಿ ಯುರೋಪಿನ ಪರಿಸರ ಸಂಸ್ಥೆ 2001ರಲ್ಲಿ ಹೊರತಂದ ವರದಿ, ತಜ್ಞರ ಮಾತಿನ ಜೊತೆಗೆ ಸ್ಥಳೀಯರ ತಿಳಿವಳಿಕೆಯನ್ನೂ ಬಳಸಿಕೊಳ್ಳಬೇಕೆಂದು ಹೇಳಿತು. ಪಡ್ರೆಯಲ್ಲಿ ದಿಲ್ಲಿಯವರು ರಕ್ತದ ಸೀಸೆ ಹಿಡಿದು ಬಂದ ವರ್ಷವೂ ಅದೇ.

ಇದೆಲ್ಲ ಹಳೆಯ ಕಥೆಯೆಂದು ಬಿಡುವಂತಿಲ್ಲ. ಕೂದಲೆಳೆಗಿಂತ ಸಾವಿರಾರು ಪಾಲು ಸಣ್ಣ ಕಣಗಳ ‘ನ್ಯಾನೋ’ ವಸ್ತುಗಳು ಈಗ ಹೊಲಕ್ಕೆ ಬಂದಿವೆ. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ 2020ರಲ್ಲಿ ಇವುಗಳ ಪರೀಕ್ಷೆಗೆ ಮಾರ್ಗಸೂಚಿ ಹೊರಡಿಸಿತು. 2021ರಲ್ಲಿ ಇಫ್ಕೋ ಸಂಸ್ಥೆಯ ನ್ಯಾನೋ ಯೂರಿಯಾ ಅಂಗಡಿಗೆ ಬಂತು. ಅದೇ ವರ್ಷದ ಕೊನೆಗೆ ಡ್ರೋನಿನಿಂದ ಕೀಟನಾಶಕ ಸಿಂಪಡಿಸುವ ವಿಧಿವಿಧಾನವನ್ನು ಕೃಷಿ ಸಚಿವಾಲಯ ಪ್ರಕಟಿಸಿತು. ನ್ಯಾನೋ ಯೂರಿಯಾ ವಿಷವೆಂದು ಹೇಳುವ ಆಧಾರವೇನೂ ಇಲ್ಲ, ಮರ ಹತ್ತುವವರು ಸಿಗದ ಈ ದಿನಗಳಲ್ಲಿ ಡ್ರೋನ್ ಅಡಿಕೆ ಬೆಳೆಗಾರರಿಗೆ ವರವೂ ಆದೀತು. ಆದರೆ ಮದ್ದು ಮತ್ತೆ ಆಕಾಶದಿಂದ ಬರುತ್ತಿದೆ, ನೆಲ ಮಾತ್ರ ಅದೇ ಏರುತಗ್ಗಿನದ್ದು. ಮಣಿಪಾಲದಲ್ಲಿ ವೈದ್ಯಕೀಯ, ಎಂಜಿನಿಯರಿಂಗ್ ಕಾಲೇಜುಗಳು ಒಂದೇ ಗುಡ್ಡದ ಮೇಲಿವೆ. ಕಾರ್ಕಳದ ಯಾವುದಾದರೂ ಒಂದು ಗ್ರಾಮದ ಬಾವಿ, ಜೇನು, ಹಟ್ಟಿಗಳ ಲೆಕ್ಕವನ್ನು ಊರವರ ಕೈಯಲ್ಲೇ ಈಗಲೇ ಬರೆಸಿಡುವ ಕೆಲಸಕ್ಕೆ ಇದಕ್ಕಿಂತ ಅನುಕೂಲವಾದ ಜಾಗ ಇನ್ನೊಂದು ಇರಲಾರದು.

ಅತ್ತ ಕಾಸರಗೋಡಿನಲ್ಲಿ ನಿಷೇಧದ ನಂತರವೂ ಉಳಿದ ಎಂಡೋಸಲ್ಫಾನ್ ನಿಗಮದ ಗೋದಾಮುಗಳಲ್ಲಿ ವರ್ಷಗಟ್ಟಲೆ ಬಿದ್ದಿತ್ತು. ಅದರಲ್ಲಿ ಸ್ವಲ್ಪವನ್ನು ಗಡಿಯ ಮಿಂಚಿಪದವಿನ ತೋಟದ ಹಾಳುಬಾವಿಗೆ ಹಾಕಿದ್ದಾರೆ ಎಂಬ ದೂರನ್ನು ಉಡುಪಿಯ ಮಾನವ ಹಕ್ಕುಗಳ ಸಂರಕ್ಷಣಾ ಪ್ರತಿಷ್ಠಾನದ ಡಾ. ರವೀಂದ್ರನಾಥ ಶಾನುಭಾಗ್ ಹಸಿರು ನ್ಯಾಯಮಂಡಳಿಗೆ ಒಯ್ದರು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವಿಜ್ಞಾನಿಗಳು ಪದವಿಗೆ ಬಂದರು. ಆ ಗುಡ್ಡದ ಒಂದು ಮಗ್ಗುಲಲ್ಲಿ ಕೇರಳದ ಮನೆಗಳಿವೆ, ಇನ್ನೊಂದು ಮಗ್ಗುಲಲ್ಲಿ ಪುತ್ತೂರು ತಾಲೂಕಿನವು.